ಮಿಕ್ಸರಿನ ಎರಡು ವೈರ್ ಸಾಲದು: ಲೈವ್ ರೆಕಾರ್ಡಿಂಗ್ ನಾನು ಮಾಡುವ ರೀತಿ

ಕಾನ್ಸರ್ಟನ್ನು ರೆಕಾರ್ಡ್ ಮಾಡಿ ಅಭಿಮಾನಿಗಳಿಗೆ ಕೊಡೋಣ ಅಂತ ಹೊರಟ ಪ್ರತಿ ಬ್ಯಾಂಡೂ ಮೊದಲು ಕೇಳುವುದು ಇದನ್ನೇ: ಮಿಕ್ಸರಿನಿಂದ (ಎಲ್ಲ ಮೈಕುಗಳ ಸದ್ದನ್ನು ಬೆರೆಸುವ ಯಂತ್ರ) ಎರಡು ವೈರ್ ಎಳೆದುಕೊಂಡರೆ ಆಗಲ್ವಾ? ದೊಡ್ಡ ಮೈದಾನದಲ್ಲಿ ಆಗಬಹುದು. ಬೆಂಗಳೂರಿನ ಪಬ್ಬಿನಂಥ ಜಾಗದಲ್ಲಿ ಆಗಲ್ಲ. ಅಲ್ಲಿ ಗಿಟಾರ್ ಆಂಪ್, ಡ್ರಮ್ ಸೆಟ್ಟಿನ ಸಿಂಬಲ್ (ಲೋಹದ ತಟ್ಟೆ) ಎರಡೂ ಸ್ಪೀಕರಿನ ಹಂಗಿಲ್ಲದೆ ಹಾಲ್ ತುಂಬುತ್ತವೆ, ಹಾಗಾಗಿ ಮಿಕ್ಸರ್ ಮುಂದೆ ನಿಂತವರು ಅವನ್ನು ಪಿಎಗೆ (ಜನರಿಗೆ ಕೇಳಿಸುವ ದೊಡ್ಡ ಸ್ಪೀಕರುಗಳಿಗೆ) ಕಳಿಸುವುದೇ ಅಲ್ಪಸ್ವಲ್ಪ. ಆ ಎರಡು ಚಾನೆಲ್ಲಿನಲ್ಲಿ ಗಾಯಕರ ದನಿ, ಕಿಕ್ ಡ್ರಮ್ ಕಿವಿಗೆ ಅಪ್ಪಳಿಸುತ್ತವೆ. ಗಿಟಾರ್ ಮಾತ್ರ ಪಕ್ಕದ ಮನೆಯಲ್ಲಿ ನುಡಿಸಿದ ಹಾಗೆ.

ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ 1993ರಿಂದ 2005ರವರೆಗೆ ಹೊರತಂದ ‘ಡಿಕ್ಸ್ ಪಿಕ್ಸ್’ ಲೈವ್ ಸರಣಿಯ 36 ಸಂಪುಟಗಳು ಎರಡು ಟ್ರ್ಯಾಕಿನ ಟೇಪುಗಳಿಂದಲೇ ಬಂದವಲ್ಲ ಅಂತ ವಾದಿಸುವವರಿದ್ದಾರೆ. ನಿಜ. ಆದರೆ ಅವರ ವೇದಿಕೆಯೂ ಪಿಎಯೂ ನಮ್ಮ ಪಬ್ಬಿನ ಅಳತೆಯವಲ್ಲ. ಟೇಪಿನಲ್ಲಿ ಕುಂದುಗಳಿವೆ, ತಿಳಿದೇ ಖರೀದಿಸಿ ಅಂತ ಅವರು ಎಚ್ಚರಿಕೆಯನ್ನೂ ಅಚ್ಚು ಹಾಕಿದ್ದರು. ಆ ಪ್ರಾಮಾಣಿಕತೆ ನನಗಿಷ್ಟ.

ನಾನು ಪ್ರತಿ ವಾದ್ಯವನ್ನೂ ಬೇರೆ ಟ್ರ್ಯಾಕಿಗೆ ತೆಗೆದುಕೊಳ್ಳುತ್ತೇನೆ. 32 ಚಾನೆಲ್, 48 ಕಿಲೋಹರ್ಟ್ಜ್ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು), 24 ಬಿಟ್ ಅಂದರೆ ಗಂಟೆಗೆ ಸುಮಾರು 16.6 ಜಿಬಿ. ಎಲ್ಲ ಚಾನೆಲ್ ಒಂದೇ ವೇವ್ ಫೈಲಿಗೆ ಹೋಗುವುದಾದರೆ ಹದಿನೈದೂವರೆ ನಿಮಿಷಕ್ಕೆ 4 ಜಿಬಿ ಮಿತಿ ತಲುಪಿ ಫೈಲ್ ತುಂಡಾಗುತ್ತದೆ. ತುಂಡುಗಳ ನಡುವೆ ಒಂದು ಸ್ಯಾಂಪಲ್ಲೂ ಕಳೆಯುತ್ತಿಲ್ಲವೇ ಅಂತ ಶೋಗೆ ಮೊದಲೇ ಪರೀಕ್ಷಿಸಬೇಕು. ಸಿಗ್ನಲ್ಲನ್ನು ಗೇನ್ (ಮೈಕಿನ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಹಂತ) ಆದಮೇಲೆ, ಇಕ್ಯೂ (ದನಿಯ ಬಣ್ಣ ತಿದ್ದುವ ಹಂತ) ಮತ್ತು ಫೇಡರಿಗೆ (ಸದ್ದು ಏರಿಳಿಸುವ ಜಾರುಗುಂಡಿ) ಮೊದಲು ಎತ್ತಿಕೊಳ್ಳಬೇಕು. ಡಿಜಿಟಲ್ ಮಿಕ್ಸರಿನಲ್ಲಿ ಗೇನ್ ಹಾಲಿನ ಸದ್ದಿಗೂ ರೆಕಾರ್ಡಿಂಗಿಗೂ ಒಂದೇ ಆದ್ದರಿಂದ, ಹಾಡಿನ ಮಧ್ಯೆ ಅದನ್ನು ಮುಟ್ಟಬೇಡಿ, ಬೇಕಿದ್ದರೆ ಫೇಡರ್ ಸರಿಸಿ ಅಂತ ಹಾಲಿನ ಸದ್ದು ನೋಡಿಕೊಳ್ಳುವ ಹೌಸ್ ಎಂಜಿನಿಯರ್ ಹತ್ತಿರ ಮಾತಾಡಿಕೊಂಡಿರಬೇಕು. ಸೌಂಡ್‌ಚೆಕ್‌ನಲ್ಲಿ ಪೀಕ್ (ಸದ್ದಿನ ಅತಿ ಎತ್ತರದ ಮಟ್ಟ) ಮೈನಸ್ 15 ಡಿಬಿ (ಸೊನ್ನೆ ಅಂದರೆ ಸದ್ದು ಒಡೆಯುವ ಮಿತಿ) ದಾಟದಂತೆ ಇಟ್ಟರೆ ಸಾಕು. ಜನ ಸೇರಿದ ಮೇಲೆ ಡ್ರಮ್ಮರ್ ಕೈ 6ರಿಂದ 10 ಡಿಬಿ ಏರುತ್ತದೆ, ಇದಕ್ಕೆ ಅಪವಾದ ಅಪರೂಪ. ಇನ್ನು ಜನರೇಟರ್ ಮೇಲೆ ಓಡುವ ಜಾಗದಲ್ಲಿ ಬಾಸ್ ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ (ಅರ್ತ್ ಜೋಡಣೆ ಬಿಡಿಸುವ ಗುಂಡಿ) ಅಲ್ಲೇ ಒತ್ತಿ ಗುಂಯ್‌ಗುಡುವುದನ್ನು ನಿಲ್ಲಿಸಿ. ಆಮೇಲೆ 50 ಹರ್ಟ್ಜಿಗೆ ಫಿಲ್ಟರ್ ಹಾಕೋಣ ಅಂದರೆ, ಲೋಡ್ ಏರಿಳಿದಂತೆ ಜನರೇಟರಿನ ಫ್ರೀಕ್ವೆನ್ಸಿಯೂ ಜಾರುತ್ತಿರುತ್ತದೆ, ಫಿಲ್ಟರ್ ತಪ್ಪಿಹೋಗುತ್ತದೆ.

ಕಷ್ಟವಿರುವುದು ಪ್ರೇಕ್ಷಕರ ಮೈಕಿನಲ್ಲಿ. ಅದಿಲ್ಲದಿದ್ದರೆ ಲೈವ್ ಆಲ್ಬಂ ರಿಹರ್ಸಲ್ ಕೋಣೆಯ ಹಾಗೆಯೇ ಕೇಳುತ್ತದೆ. ವೇದಿಕೆಯ ಎರಡು ತುದಿಗಳಲ್ಲಿ ಒಂದೊಂದು ಕಾರ್ಡಿಯಾಯ್ಡ್ ಮೈಕನ್ನು (ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂಥದ್ದು) ಜನರ ಕಡೆಗೆ ಮುಖ ಮಾಡಿ, ಬೆನ್ನು ಆದಷ್ಟೂ ಪಿಎ ಕಡೆಗಿರುವಂತೆ ನಿಲ್ಲಿಸುತ್ತೇನೆ. ಇನ್ನೊಂದು ಜೋಡಿ ಮಿಕ್ಸರ್ ಹತ್ತಿರ, 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಮಿಕ್ಸರ್ ವೇದಿಕೆಯಿಂದ 20 ಮೀಟರ್ ದೂರವಿದ್ದರೆ ಸದ್ದು ಅಲ್ಲಿಗೆ ಮುಟ್ಟುವಾಗ ಸುಮಾರು 58 ಮಿಲಿಸೆಕೆಂಡ್ ತಡ, ಅಂದರೆ 48 ಕಿಲೋಹರ್ಟ್ಜ್‌ನಲ್ಲಿ 2,800 ಸ್ಯಾಂಪಲ್ಲಿಗೆ ಹತ್ತಿರ. ಹಾಗೇ ಬೆರೆಸಿದರೆ ಸ್ನೇರ್ (ಡ್ರಮ್ ಸೆಟ್ಟಿನ ಚುರುಕು ದನಿಯ ಡ್ರಮ್) ಎರಡು ಸಲ ಬಡಿಯುತ್ತದೆ. ಒಂದು ಒಂಟಿ ಸ್ನೇರ್ ಏಟನ್ನು ಹುಡುಕಿ, ದೂರದ ಜೋಡಿಯನ್ನು ಅಷ್ಟು ಬೇಗ ಬರುವಂತೆ ಎಳೆದು ಕೂರಿಸಬೇಕು.

ಇದರಲ್ಲೊಂದು ಮಜಾ ಇದೆ. ಹೀಗೆ ಕೂರಿಸಿದಾಗ ಮಿಕ್ಸರ್ ಹತ್ತಿರದವರ ಚಪ್ಪಾಳೆಯೂ ತಾಳಕ್ಕೆ ಸರಿಯಾಗುತ್ತದೆ, ಏಕೆಂದರೆ ಅವರು ತಡವಾಗಿ ಕೇಳಿ ತಡವಾಗಿಯೇ ತಟ್ಟಿದವರು. ವೇದಿಕೆಯ ತುದಿಯ ಮೈಕಿಗೆ ಅದೇ ಚಪ್ಪಾಳೆ ಹೋಗಿ ಬರುವ ದೂರ ಸೇರಿ 116 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಆದ್ದರಿಂದ ಜನ ತಾಳ ಹಾಕುವ ಹಾಡುಗಳಲ್ಲಿ ತುದಿಯ ಮೈಕುಗಳನ್ನು ಇಳಿಸಿ ದೂರದ ಜೋಡಿಯನ್ನು ಏರಿಸುತ್ತೇನೆ. ಹಾಡುಗಳ ನಡುವೆ ಇದರ ಉಲ್ಟಾ. ಯಾವುದನ್ನೂ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಕ್ಷಣ ಹಾಲ್ ಮಾಯವಾಗುತ್ತದೆ, ಹೆಡ್‌ಫೋನ್ ಹಾಕಿ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

ದೂರದ ಜೋಡಿ ಬೇರೆ ರೆಕಾರ್ಡರಿನಲ್ಲಿದ್ದರೆ ಎರಡರ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ದಶಲಕ್ಷಕ್ಕೆ ಹತ್ತು ಭಾಗದ ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡ್ ಸರಿಯುತ್ತದೆ. ಮೊದಲ ಹಾಡಿನ ಒಂದು ಏಟು, ಕೊನೆಯ ಹಾಡಿನ ಒಂದು ಏಟು ಅಳೆದು ಆ ಅನುಪಾತಕ್ಕೆ ರೀಸ್ಯಾಂಪಲ್ (ಇಡೀ ಟ್ರ್ಯಾಕಿನ ವೇಗವನ್ನೇ ತುಸು ಬದಲಿಸುವುದು) ಮಾಡಬೇಕು. ಟೈಮ್ ಸ್ಟ್ರೆಚ್ (ಶ್ರುತಿ ಬದಲಿಸದೆ ಉದ್ದ ಹಿಗ್ಗಿಸುವುದು) ಬೇಡ, ಸಿಂಬಲ್ ಕಲಸಿಹೋಗುತ್ತದೆ.

ಮಿಕ್ಸಿಂಗಿನಲ್ಲಿ ಹೆಚ್ಚು ಸಮಯ ತಿನ್ನುವುದು ಗಾಯಕರ ಮೈಕ್. ಅವರು ಹಾಡದಿರುವಾಗ ಅದು ಡ್ರಮ್ಮಿನ ಇನ್ನೊಂದು ಮೈಕ್ ಆಗಿಬಿಡುತ್ತದೆ. ಗೇಟ್ (ಸದ್ದು ಕಡಿಮೆಯಾದಾಗ ಮೈಕನ್ನು ತಾನೇ ಮುಚ್ಚುವ ಸಾಧನ) ಹಾಕಿದರೆ ಪ್ರತಿ ಸಾಲಿನ ಆರಂಭಕ್ಕೂ ಸಿಂಬಲ್ಲಿನ ಬಣ್ಣ ಬದಲಾಗುತ್ತದೆ; ಕೈಯಲ್ಲೇ 8 ಡಿಬಿಯಷ್ಟು ಇಳಿಸಿ ಏರಿಸುವುದೇ ವಾಸಿ. ತಪ್ಪು ಸ್ವರ, ಮರೆತ ಸಾಹಿತ್ಯ ಇದ್ದ ಹಾಗೇ ಇರಲಿ. ಆ ರಾತ್ರಿ ಹಾಲಿನಲ್ಲಿದ್ದವರೇ ಇದನ್ನು ಕೊಳ್ಳುವವರು, ಅವರಿಗೆ ಎಲ್ಲ ನೆನಪಿರುತ್ತದೆ. ಸ್ಟುಡಿಯೋದಲ್ಲಿ ಮತ್ತೆ ಹಾಡಿಸಿ ಸೇರಿಸುವುದು ನನ್ನ ಮಟ್ಟಿಗೆ ಮೋಸ. ಮಾಸ್ಟರಿಂಗಿನಲ್ಲಿ ಇಡೀ ರಾತ್ರಿಗೆ ಒಂದೇ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಸೆಟ್ಟಿಂಗ್. ಹಾಡು ಹಾಡಿಗೆ ಲೆವೆಲ್ ಸಮ ಮಾಡಹೊರಟರೆ ಟ್ರ್ಯಾಕ್ ಬದಲಾಗುವಲ್ಲಿ ಚಪ್ಪಾಳೆ ಧುತ್ತನೆ ಜಿಗಿಯುತ್ತದೆ.

ಬೇರೆಯವರ ಹಾಡು ಹಾಡಿದ್ದರೆ ಲೈಸೆನ್ಸ್ ಲೆಕ್ಕ ಬೇರೆ. ಅಮೆರಿಕದಲ್ಲಿ 2024ರಲ್ಲಿದ್ದ ದರ ಪ್ರತಿಗೆ 12.4 ಸೆಂಟ್, ಹಾಡು ಐದು ನಿಮಿಷ ಮೀರಿದರೆ ನಿಮಿಷಕ್ಕೆ 2.39 ಸೆಂಟ್, ಹದಿನೈದು ನಿಮಿಷ ಜಾಮ್ ಮಾಡಿದರೆ ಸುಮಾರು 36 ಸೆಂಟ್. ನಮ್ಮಲ್ಲಿ ಕಾಪಿರೈಟ್ ಕಾಯ್ದೆಯ 31ಸಿ ಕಲಂ ಪ್ರಕಾರ ಕವರ್ ಹಾಡಿಗೆ (ಹೀಗೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದಕ್ಕೆ) ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಐನೂರು ಸಿಡಿ ಒತ್ತುವ ಬ್ಯಾಂಡಿಗೆ ಅದು ಆಗದ ಮಾತು. ಹಾಡಿನ ಮಾಲೀಕರಿಂದ ನೇರ ಅನುಮತಿ ಪಡೆಯಬೇಕು, ಇಲ್ಲವೇ ಆ ಹಾಡು ಬಿಟ್ಟು, ಬಿಟ್ಟಿದ್ದೇವೆ ಅಂತ ಸಿಡಿಯ ಹೊದಿಕೆಯ ಮೇಲೆ ಬರೆಯಬೇಕು. ಆ ಹೊದಿಕೆಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಅಮೆರಿಕದ ರಾಕ್ ಬ್ಯಾಂಡ್ ಪರ್ಲ್ ಜಾಮ್ 2000ರ ಪ್ರವಾಸದ 72 ಕಾನ್ಸರ್ಟುಗಳನ್ನು ಸಾದಾ ರಟ್ಟಿನ ಹೊದಿಕೆಯಲ್ಲೇ ಮಾರಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಟ್ರ್ಯಾಕ್ ಕತ್ತರಿಸುವಾಗ ಸಿಡಿಯ ಒಂದು ಫ್ರೇಮ್ ಸೆಕೆಂಡಿನ 75ನೇ ಒಂದು ಭಾಗ, 588 ಸ್ಯಾಂಪಲ್ ಅನ್ನುವುದು ಗಮನದಲ್ಲಿರಲಿ. ಮೊದಲು ಸಿಡಿಗೆ ಬೇಕಾದ 44.1 ಕಿಲೋಹರ್ಟ್ಜಿಗೆ ಇಳಿಸಿ, ಆಮೇಲೆ 588ರ ಗುಣಕದಲ್ಲೇ ಕತ್ತರಿಸಿ. ಇಲ್ಲದಿದ್ದರೆ ಬರ್ನರ್ ಉಳಿದ ಜಾಗಕ್ಕೆ ಸೊನ್ನೆ ತುಂಬಿ, ಚಪ್ಪಾಳೆಯ ನಡುವೆ ಟಿಕ್ ಅನ್ನುತ್ತದೆ. ಡೌನ್‌ಲೋಡಿಗೆ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್) ಕೊಡಿ. ಎಂಪಿ3 ಎನ್‌ಕೋಡರ್ ಪ್ರತಿ ಟ್ರ್ಯಾಕಿನ ಹಿಂದುಮುಂದೆ ಒಂದಿಷ್ಟು ಮೌನ ಸೇರಿಸುತ್ತದೆ, ಕೆಲವು ಪ್ಲೇಯರುಗಳು ಅದನ್ನು ತೆಗೆಯುವುದಿಲ್ಲ. ಪ್ರೆಸ್ಸಿಗೆ ಕಳಿಸುವ ಮುನ್ನ ಪ್ರತಿ ಜೋಡಣೆಯ ಹಿಂದಿನ ಐದು, ಮುಂದಿನ ಐದು ಸೆಕೆಂಡನ್ನು ಸಾದಾ ಸಿಡಿ ಪ್ಲೇಯರಿನಲ್ಲಿ ಹಾಕಿ ಕೇಳಿ.