ಮೂವತ್ತು ನಲವತ್ತು ಸೈಟಿನ ಮನೇಲಿ ಕಯಾಕ್ ಇಡೋದು ಹೇಗೆ

ನಮ್ಮನೆ ಮೈಸೂರು ಕುವೆಂಪುನಗರದಲ್ಲಿ, ಸೈಟು 30 × 40. ಅಪ್ಪ, ಅಮ್ಮ, ನಾವಿಬ್ರು, ಮಗಳು, ಒಂದು ಕಾರು, ಎರಡು ಸ್ಕೂಟರು, ಅಟ್ಟದ ತುಂಬ ಅಮ್ಮನ ದಸರಾ ಗೊಂಬೆ ಡಬ್ಬಗಳು, ಇಷ್ಟರ ಮಧ್ಯೆ ಎರಡು ಕಯಾಕ್ (ಕೂತು ಹುಟ್ಟು ಹಾಕೋ ಉದ್ದನೆ ಸಣ್ಣ ದೋಣಿ) ಇವೆ, ಒಂದು 10 ಅಡಿ, ಇನ್ನೊಂದು 12 ಅಡಿ. ಎರಡೂ ಸೂರಿನ ಕೆಳಗೇ ಇವೆ, ಯಾರ ಕಾಲಿಗೂ ತೊಡರಲ್ಲ. ವರುಣಾ ಕೆರೆ ಹತ್ರ ಕಾರಿನ ಮೇಲಿಂದ ಇಳಿಸ್ತಾ ಇದ್ರೆ ಅಲ್ಲಿ ಬಂದೋರು ನೀರಿನ ಬಗ್ಗೆ ಏನೂ ಕೇಳಲ್ಲ, ಮೊದಲು ಕೇಳೋದೇ "ಇದನ್ನ ಮನೇಲಿ ಎಲ್ಲಿ ಇಡ್ತೀರಾ ಸಾರ್" ಅಂತ. ಎಷ್ಟೋ ಜನ ತಗೋಬೇಕು ಅಂತ ಆಸೆ ಇದ್ರೂ ಇದೊಂದು ಕಾರಣಕ್ಕೇ ಬಿಟ್ಟುಬಿಡ್ತಾರೆ, ಅದು ನಂಗೆ ನಿಜವಾಗ್ಲೂ ಬೇಜಾರು. ಅದಕ್ಕೇ ಪೂರ್ತಿ ಬರೀತಿದೀನಿ.

ಕಯಾಕ್‌ಗೆ ಬೇಕಾಗಿರೋದು ನೆಲ ಅಲ್ಲ, ಉದ್ದ. ನಾವೆಲ್ಲ ಜಾಗ ಹುಡುಕುವಾಗ ಕೆಳಗೆ ನೋಡ್ತೀವಿ, ಈ ಮೂಲೇಲಿ ಆಗತ್ತಾ ಆ ಮೂಲೇಲಿ ಆಗತ್ತಾ ಅಂತ. ಮಾಮೂಲಿ 10 ಅಡಿ ಪ್ಲಾಸ್ಟಿಕ್ ಕಯಾಕ್ ಸುಮಾರು 30 ಇಂಚು ಅಗಲ, 14 ಇಂಚು ಎತ್ತರ ಇರತ್ತೆ. ಅದನ್ನ ಪಕ್ಕಕ್ಕೆ ವಾಲಿಸಿ ಗೋಡೆಗೆ ಒರಗಿಸಿದ್ರೆ ಗೋಡೆಯಿಂದ ಈಚೆ ಬರೋದು ಆ 14 ಇಂಚು ಮಾತ್ರ, ಅಂದ್ರೆ ಒಂದು ಪುಸ್ತಕದ ಬೀರುಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಹುಡುಕಬೇಕಾಗಿರೋದು ಅಡ್ಡ ಏನೂ ಬರದೇ ಇರೋ 10-12 ಅಡಿ ಗೋಡೆ, ಇಲ್ಲ ಅಷ್ಟು ಉದ್ದದ ಖಾಲಿ ಸೂರು.

ಕಯಾಕ್ ತಗೊಳ್ಳೋಕೆ ಮುಂಚೇನೇ ಒಂದು ಕೆಲಸ ಮಾಡಿ. ನೀವು ನೋಡಿರೋ ಕಯಾಕ್ ಎಷ್ಟುದ್ದ ಇದೆಯೋ ಅಷ್ಟೇ ಉದ್ದದ ಒಂದು ಬಿದಿರು ಗಳ ತಗೊಂಡು ಗೇಟಿಂದ ಶುರು ಮಾಡಿ ಅದನ್ನ ಇಡಬೇಕು ಅಂದ್ಕೊಂಡ ಜಾಗದ ತನಕ ಇಬ್ಬರು ಹಿಡ್ಕೊಂಡು ಹೋಗಿ ನೋಡಿ. ಪ್ಲಂಬರ್ ಪೈಪ್ ಕೂಡ ಆಗತ್ತೆ, ಅದು ಅಂಗಡೀಲಿ 10 ಅಡಿ, 20 ಅಡಿ ಲೆಕ್ಕದಲ್ಲಿ ಸಿಗತ್ತೆ. ಬಾಗ್ಲಲ್ಲಿ ನುಗ್ಗತ್ತೆ ಸರಿ, ಬಾಗ್ಲು ದಾಟಿದ ತಕ್ಷಣ ತಿರುಗಿಸಬೇಕಲ್ಲ, ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ನಮ್ಮ ಹಾಲ್‌ನಲ್ಲಿ 12 ಅಡಿ ಗೋಡೆ ಚೆನ್ನಾಗೇ ಇತ್ತು ಆದ್ರೆ ಪ್ಯಾಸೇಜ್ ತಿರುವಲ್ಲಿ ಗಳ ತಿರುಗ್ಲೇ ಇಲ್ಲ, ಕಿಟಕಿ ಕಂಬಿ ಇಲ್ದೇ ಇದ್ದಿದ್ರೆ ಕಿಟಕಿಯಿಂದಾನೇ ತರಬಹುದಿತ್ತು. ಇನ್ನೊಂದು ಲೆಕ್ಕ, ರೂಮು 10 × 12 ಅಡಿ ಇದ್ರೆ ಮೂಲೆಯಿಂದ ಮೂಲೆಗೆ ಹದಿನೈದೂವರೆ ಅಡಿ ಸಿಗತ್ತೆ, ಗೋಡೆಗುಂಟ ಹಿಡಿಸದ ಕಯಾಕ್ ಸೂರಿನ ಹತ್ರ ಮೂಲೆಯಿಂದ ಮೂಲೆಗೆ ಕಟ್ಟಿದ್ರೆ ಹಿಡಿಸತ್ತೆ. ಫ್ಯಾನ್ ಒಂದು ಅಡ್ಡ ಬರತ್ತೆ, ಅದನ್ನ ನೋಡ್ಕೊಳ್ಳಿ.

ಮುಂದಿನ ವಿಷಯ ಎಲ್ಲಕ್ಕಿಂತ ಮುಖ್ಯ, ನಾನು ಕಳ್ಕೊಂಡು ಕಲ್ತಿದ್ದು. ಮೊದಲನೇ ವರ್ಷ ಟೆರೇಸ್ ಮೇಲೆ ತಗಡಿನ ಶೀಟಿನ ಕೆಳಗೆ ಎರಡು ಕಬ್ಬಿಣದ ಪೈಪ್ ಮೇಲೆ ತಳ ಕೆಳಗೆ ಮಾಡಿ ಇಟ್ಟಿದ್ದೆ, ಮಾರ್ಚ್ ಏಪ್ರಿಲ್ ಎರಡು ತಿಂಗಳು ಮುಟ್ಟಲಿಲ್ಲ, ಮೇ ತಿಂಗಳಲ್ಲಿ ತೆಗೆದು ನೋಡಿದ್ರೆ ಪೈಪ್ ಇದ್ದ ಎರಡೂ ಕಡೆ ತಳ ಒಳಗೆ ಹೋಗಿತ್ತು. ಈ ಕಯಾಕ್‌ಗಳು ಪಾಲಿಥಿಲೀನ್, ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಥರದ್ದೇ ಪ್ಲಾಸ್ಟಿಕ್, ಅದೇ ಥರ ಅಚ್ಚಲ್ಲಿ ತಿರುಗಿಸಿ ಮಾಡಿರ್ತಾರೆ. ಒಂದೇ ಕಡೆ ಭಾರ ಬಿದ್ದು ಜೊತೆಗೆ ಬಿಸಿ ಸೇರಿದ್ರೆ ನಿಧಾನಕ್ಕೆ ಬಗ್ಗಿ ಹಾಗೇ ನಿಂತುಬಿಡತ್ತೆ. ಬಗ್ಗಿದ ತಳ ನೀರಲ್ಲಿ ನೇರ ಹೋಗಲ್ಲ. ನನ್ನದು ಪುಣ್ಯಕ್ಕೆ ಬಿಸಿಲಿಗೆ ಇಟ್ಟು, ಬಿಸಿನೀರು ಹುಯ್ದು, ಒಳಗಿಂದ ಒತ್ತಿದ ಮೇಲೆ ಬಹುಪಾಲು ಸರಿ ಆಯ್ತು, ಎಲ್ಲಾ ಸಲ ಹಾಗಾಗಲ್ಲ.

ಶ್ರೀರಂಗಪಟ್ಟಣದ ಕಡೆ ಹೊಳೆ ದಡದಲ್ಲಿ ಹರಿಗೋಲುಗಳನ್ನ ನೋಡಿರ್ತೀರಲ್ಲ, ಕೆಲಸ ಮುಗಿದ ಮೇಲೆ ಬೋರಲು ಹಾಕಿ ಬಿಡ್ತಾರೆ. ಕಯಾಕ್‌ಗೂ ಅದೇ. ಒಂದೋ ಬೋರಲು, ಇಲ್ಲಾ ಪಕ್ಕಕ್ಕೆ ವಾಲಿಸಿ. ಪಕ್ಕದ ಅಂಚು ಗಟ್ಟಿ, ಅಲ್ಲಿ ಭಾರ ಬಿದ್ರೆ ಅಷ್ಟು ಬೇಗ ಬಗ್ಗಲ್ಲ. ಆಸರೆ ಎಲ್ಲಿ ಕೊಡಬೇಕು ಅಂದ್ರೆ ಎರಡೂ ತುದಿಯಿಂದ ಉದ್ದದ ಕಾಲು ಭಾಗ ಬಿಟ್ಟು, ಅಂದ್ರೆ 10 ಅಡಿ ಕಯಾಕ್‌ಗೆ ಎರಡೂ ತುದಿಯಿಂದ ಎರಡೂವರೆ ಅಡಿ ಒಳಗೆ, ಮಧ್ಯೆ 5 ಅಡಿ ಅಂತರ. 12 ಅಡಿಯದಕ್ಕೆ 3 ಅಡಿ ಬಿಟ್ಟು, ಮಧ್ಯೆ 6 ಅಡಿ. ತುದೀಲಿರೋ ಹಿಡಿಕೆಗೆ ಹಗ್ಗ ಕಟ್ಟಿ ನೇತುಹಾಕೋದು ಮಾತ್ರ ಬೇಡವೇ ಬೇಡ, ಅದು ಎತ್ಕೊಂಡು ನಾಲ್ಕು ಹೆಜ್ಜೆ ಹೋಗೋದಕ್ಕೆ ಇರೋದು, ತಿಂಗಳುಗಟ್ಟಲೆ ಭಾರ ಹೊರೋದಕ್ಕಲ್ಲ, ಮಧ್ಯಭಾಗ ಜೋತು ಬೀಳತ್ತೆ.

ಈಗ ಗೋಡೆ ವಿಷಯ. ನಾನು ಕೊನೆಗೆ ಆರಿಸ್ಕೊಂಡಿದ್ದು ಕಾರ್ ನಿಲ್ಲಿಸೋ ಪೋರ್ಟಿಕೋದ ಒಳಗೋಡೆ. ಮೇಲೆ ಆರ್‌ಸಿಸಿ ಸೂರು ಇದೆ, ಬಿಸಿಲು ನೇರ ಬೀಳಲ್ಲ, ಗೇಟಿಂದ ಒಂದೇ ಗೆರೇಲಿ ಬರತ್ತೆ. ವೆಲ್ಡಿಂಗ್ ಶಾಪ್‌ನಲ್ಲಿ ಚೌಕ ಪೈಪಲ್ಲಿ ನಾಲ್ಕು ತೋಳು ಮಾಡಿಸ್ದೆ, ಒಂದೊಂದು 16 ಇಂಚು ಈಚೆ ಬರತ್ತೆ, ತುದೀಲಿ 4 ಇಂಚು ಮೇಲಕ್ಕೆ ತಿರುಗಿಸಿದ್ದಾರೆ, ಕಯಾಕ್ ಜಾರಬಾರದು ಅಂತ. ರೆಡಿಮೇಡ್ ರ‍್ಯಾಕ್ ಆನ್‌ಲೈನಲ್ಲೂ ಸಿಗತ್ತೆ, ಆದ್ರೆ ನಮ್ಮ ಗೋಡೆ ಅಳತೆಗೆ ಮಾಡಿಸ್ಕೊಂಡಿದ್ದೇ ಒಳ್ಳೇದು ಅನ್ಸತ್ತೆ ನಂಗೆ. ಕಬ್ಬಿಣ ನೇರ ತಾಗಬಾರದು, ಎಸಿ ತಾಮ್ರದ ಪೈಪಿಗೆ ಸುತ್ತೋ ಕಪ್ಪು ಫೋಮ್ ಕೊಳವೆ ಇದ್ಯಲ್ಲ, ಅದನ್ನ ತೋಳಿಗೆ ತೊಡಿಸಿ. ಅದು ಸಿಗದಿದ್ರೆ ಹಳೇ ರಗ್ಗು ಎರಡು ಪದರ ಸುತ್ತಿ ಸೈಕಲ್ ಟ್ಯೂಬಲ್ಲಿ ಬಿಗೀರಿ.

ಬೋಲ್ಟ್ ಹಾಕೋವಾಗ ಗೋಡೆ ಯಾವುದು ಅಂತ ಮೊದಲು ಗೊತ್ತಿರಬೇಕು. ಸಾಲಿಡ್ ಬ್ಲಾಕ್, ಸುಟ್ಟ ಇಟ್ಟಿಗೆ ಸಿಮೆಂಟ್ ಗೋಡೆ ಆದ್ರೆ 10 ಎಂಎಂ ಆ್ಯಂಕರ್ ಬೋಲ್ಟ್, 4 ಇಂಚು ಉದ್ದದ್ದು, ಯಾಕಂದ್ರೆ ಪ್ಲಾಸ್ಟರ್ ದಾಟಿ ಇಟ್ಟಿಗೆ ಒಳಗೆ ಕಚ್ಚಬೇಕು. ಪಿಲ್ಲರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಹಾಲೋ ಬ್ಲಾಕಲ್ಲಿ ಆ್ಯಂಕರ್ ನಿಲ್ಲಲ್ಲ. ಹಳೇ ಅಗ್ರಹಾರದ ಕಡೆ ಗಾರೆ ಗೋಡೆ, ಮಣ್ಣಿನ ಗೋಡೆ ಇರೋ ಮನೆಗಳಲ್ಲೂ ಬೇಡ, ಡ್ರಿಲ್ ಇಟ್ರೆ ಉದುರತ್ತೆ. ಸ್ವಿಚ್ ಬೋರ್ಡ್ ಮೇಲೆ ನೇರಕ್ಕೆ ಯಾವತ್ತೂ ಕೊರೀಬೇಡಿ, ವೈರಿಂಗ್ ಪೈಪ್ ಅಲ್ಲೇ ಹೋಗಿರತ್ತೆ, ಬಾತ್‌ರೂಮ್ ಹಿಂದಿನ ಗೋಡೇಲಿ ನೀರಿನ ಪೈಪ್ ಇರತ್ತೆ.

ತೋಳು ಯಾವ ಎತ್ತರಕ್ಕೆ ಅನ್ನೋದು ಮನೇಲಿರೋರ ಮೇಲೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಮ್ಮ 12 ಅಡಿಯದು 26 ಕೆಜಿ ಇದೆ, ಅದು ಸೊಂಟದ ಮಟ್ಟಕ್ಕೆ, 22 ಕೆಜಿಯದು ಅದರ ಮೇಲೆ. ಕಾರಿನ ಬಾಗ್ಲು ಪೂರ್ತಿ ತೆರೆದು ನೋಡಿ ಆಮೇಲೆ ಗುರುತು ಹಾಕಿ. ಅಪ್ಪ ಬೆಳಗ್ಗೆ ಐದೂವರೆಗೆ ಕತ್ತಲಲ್ಲೇ ಹಾಲು ತರೋಕೆ ಹೋಗ್ತಾರೆ, ಕಯಾಕ್ ತೆಗೆದಾಗ ಖಾಲಿ ತೋಳು ತಲೆಗೆ ತಾಗೋ ಮಟ್ಟದಲ್ಲಿ ಇರತ್ತಲ್ಲ, ಅದಕ್ಕೆ ತುದಿಗೆ ದಪ್ಪ ಸ್ಪಾಂಜ್ ಕಟ್ಟಿ ಮೇಲೆ ಬಿಳಿ ಬಟ್ಟೆ ಸುತ್ತಿದೀನಿ. ಪೋರ್ಟಿಕೋ ಅಂದ್ಮೇಲೆ ಕಳ್ಳರ ಭಯಾನೂ ಇದೆ, ಒಂದು ಸೈಕಲ್ ಕೇಬಲ್ ಲಾಕ್ ಹಾಕಿ ತೋಳಿಗೆ ಸೇರಿಸಿ ಬೀಗ ಹಾಕಿ.

ಗೋಡೆ ಇಲ್ಲ ಅಂದ್ರೆ ಸೂರು. ಬಾವಿ ಗಡಗಡೆ ಥರದ್ದೇ ಎರಡು ಚಿಕ್ಕ ಪುಲ್ಲಿ, ಎರಡು ಹುಕ್ಕು, ಎರಡು ಇಂಚು ಅಗಲದ ನೈಲಾನ್ ಪಟ್ಟಿ ಎರಡು, 8 ಎಂಎಂ ಹೆಣೆದ ಹಗ್ಗ ಬೇಕು. ಸೂರಿನ ಹುಕ್ಕಿಗೆ ಪುಲ್ಲಿ, ಪುಲ್ಲಿ ಮೇಲೆ ಹಗ್ಗ, ಹಗ್ಗದ ತುದೀಲಿ ಕಯಾಕ್ ಹೊರೋ ಪಟ್ಟಿ. ನಮ್ಮಜ್ಜಿ ಮಂಚದ ನವಾರು ಅಷ್ಟೇ ಅಗಲ ಇತ್ತು, ಆದ್ರೆ ಹಳೇ ಹತ್ತಿ ನವಾರು ಉಪಯೋಗಿಸಬೇಡಿ, ನೋಡೋಕೆ ಗಟ್ಟಿ ಕಂಡ್ರೂ ಒಳಗೆ ಜೀರ್ಣ ಆಗಿರತ್ತೆ. ಹುಕ್ಕಿನ ಲೆಕ್ಕದಲ್ಲಿ ತುಂಬ ಜನ ತಪ್ಪೋದು ಎಲ್ಲಿ ಅಂದ್ರೆ, 22 ಕೆಜಿ ಕಯಾಕ್, ಎರಡು ಹುಕ್ಕು, ಹಾಗಾಗಿ ಒಂದಕ್ಕೆ 11 ಕೆಜಿ ಅಂದ್ಕೊತಾರೆ. ಎಳೆಯೋವಾಗ ನೀವು ಕೆಳಗಡೆಯಿಂದ ಇನ್ನೊಂದು 11 ಕೆಜಿ ಜಗ್ಗುತಾ ಇರ್ತೀರಲ್ಲ, ಅದೂ ಅದೇ ಹುಕ್ಕಿನ ಮೇಲೇ ಬೀಳತ್ತೆ, ಒಟ್ಟು 22. ಅದರ ಮೂರು ನಾಲ್ಕು ಪಟ್ಟು ತಡೆಯೋ ಹುಕ್ಕೇ ಹಾಕಿ. ಆರ್‌ಸಿಸಿ ಸ್ಲ್ಯಾಬಿಗೆ ಆ್ಯಂಕರ್ ಹಾಕಿಸಿ. ಹೆಂಚಿನ ಮನೆ ಆದ್ರೆ ರೀಪರ್‌ಗೆ ಕಟ್ಟಬೇಡಿ, ತೊಲೆಗೇ ಪಟ್ಟಿ ಸುತ್ತಿ ತನ್ನಿ, ಹುಕ್ಕೇ ಬೇಡ. ಫಾಲ್ಸ್ ಸೀಲಿಂಗ್ ಏನೂ ಹೊರಲ್ಲ. ಮೇಲೆ ಏರಿಸಿದ ಮೇಲೆ ಹಗ್ಗ ಒಂದರ ಮೇಲೇ ನಂಬಿಕೆ ಇಡದೆ ಇನ್ನೊಂದು ಪಟ್ಟಿ ಬೇರೆ ಹುಕ್ಕಿಗೆ ಸಡಿಲವಾಗಿ ಕಟ್ಟಿ, ಹಗ್ಗ ಜಾರಿದ್ರೂ ಅದು ಹಿಡೀತದೆ. ಮಕ್ಕಳು, ವಯಸ್ಸಾದವರು ಮಲಗೋ ಜಾಗದ ಮೇಲೆ ನೇತುಹಾಕ್ಬೇಡಿ, ಎಷ್ಟೇ ಭದ್ರ ಮಾಡಿದ್ರೂ ಬೇಡ.

ಬಾಡಿಗೆ ಮನೆ, ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ ಅಂದ್ರೆ ನಿಂತ್ಕೊಳ್ಳೋ ಸ್ಟ್ಯಾಂಡ್ ಮಾಡಿಸಿ, ಬಡಗಿಗಳ ಹತ್ರ ಇರೋ ಕತ್ತರಿ ಕಾಲಿನ ಕುದುರೆ ಥರ ಎರಡು, ಮಧ್ಯೆ ಅಗಲ ಪಟ್ಟಿ ಜೋಲಿ ಹಾಕಿದ್ರೆ ಮುಗೀತು. ಮರದ್ದು ಮಾಡಿಸಿದ್ರೆ ಗೆದ್ದಲು ಹಿಡಿಯತ್ತೆ, ಕಾಲಿಗೆ ರಬ್ಬರ್ ಬುಷ್ ಹಾಕಿ ನೆಲದಿಂದ ಎತ್ತರಿಸಿ, ಗೋಡೆಗೆ ತಾಗಿಸಬೇಡಿ. ನಾನಾದ್ರೆ ಕಬ್ಬಿಣದ್ದೇ ಮಾಡಿಸ್ತೀನಿ. ಕಯಾಕ್ 9 ಅಡಿ ಒಳಗೆ ಇದ್ರೆ ನಿಲ್ಲಿಸಲೂಬಹುದು, ಸಾಮಾನ್ಯವಾಗಿ ನಮ್ಮ ಸೂರು 10 ಅಡಿ ಇರತ್ತೆ. ಆದ್ರೆ ಪೂರ್ತಿ ಭಾರ ಹಿಂದಿನ ತುದಿ ಮೇಲೆ ಬೀಳೋದ್ರಿಂದ ಕೆಳಗೆ ದಪ್ಪ ಫೋಮ್ ಇಡಿ, ಎದೆ ಮಟ್ಟದಲ್ಲಿ ಕಿಟಕಿ ಕಂಬಿಗೋ ಯಾವುದಕ್ಕೋ ಕಟ್ಟಿ. ಸ್ವಲ್ಪ ದಿನಕ್ಕೆ ಮಾತ್ರ, ವರ್ಷಗಟ್ಟಲೆ ಅಲ್ಲ.

ಇದ್ಯಾವುದೂ ಆಗಲ್ಲ ಅನ್ನೋರಿಗೆ ಗಾಳಿ ತುಂಬೋ ಕಯಾಕ್. ಮಂಡ್ಯದಲ್ಲಿರೋ ನನ್ನ ಭಾವಮೈದ ಎರಡನೇ ಮಹಡಿ ಬಾಡಿಗೆ ಮನೇಲಿದ್ದಾನೆ, ಲಿಫ್ಟ್ ಇಲ್ಲ, ಅವನು ಅದನ್ನೇ ತಗೊಂಡ. ಮಡಚಿದ್ರೆ ದೊಡ್ಡ ಸೂಟ್‌ಕೇಸ್ ಅಷ್ಟಾಗತ್ತೆ. ಅದರ ಶತ್ರು ಎರಡೇ, ಪಸೆ ಮತ್ತು ಇಲಿ. ಪಿವಿಸಿ ಮಡಿಕೆ ಒಳಗೆ ಸ್ವಲ್ಪ ಒದ್ದೆ ಉಳಿದ್ರೂ ಹದಿನೈದು ದಿನಕ್ಕೆ ಕಪ್ಪು ಬೂಷ್ಟು, ಆ ವಾಸನೆ ಹೋಗೋದು ಕಷ್ಟ. ಒಣಗಿಸೋವಾಗ ಗಾಳಿ ತುಂಬಿಯೇ ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ, ಹೊಲಿಗೆ ಸಂದುಗಳನ್ನ ಬಟ್ಟೇಲಿ ಒರೆಸಿ. ಮಡಚೋವಾಗ ಪ್ರತಿ ಸಲ ಒಂದೇ ಗೆರೆ ಮೇಲೆ ಮಡಚಬೇಡಿ, ಅಲ್ಲೇ ಬಿರುಕು ಬಿಡತ್ತೆ. ಇಲಿಗೆ ಅವನು ಮಾಡಿರೋ ಉಪಾಯ ನಂಗೆ ತುಂಬ ಇಷ್ಟ ಆಯ್ತು, ಅವರ ತಾಯಿ ಮದುವೇಲಿ ಬಂದ ಹಳೇ ತಗಡಿನ ಟ್ರಂಕು ಮಂಚದ ಕೆಳಗಿತ್ತು, ಅದರೊಳಗೆ ಇಟ್ಟುಬಿಟ್ಟಿದ್ದಾನೆ. ನುಸಿ ಗುಳಿಗೆ ಮಾತ್ರ ಹಾಕ್ಬೇಡಿ, ಅದು ಪ್ಲಾಸ್ಟಿಕ್‌ಗೆ ಆಗಲ್ಲ.

ಯಾವ ಕಯಾಕ್ ಆದ್ರೂ ಒಳಗೆ ತರೋ ಮುಂಚೆ ತೊಳೀಬೇಕು. ನಮ್ಮದು ಸಿಹಿನೀರು, ಉಪ್ಪಿನ ಕಾಟ ಇಲ್ಲ, ಆದ್ರೆ ಕೆಸರು, ಪಾಚಿ, ಅಂತರಗಂಗೆ ಬೇರು ಸಂದಿಯಲ್ಲಿ ಸಿಕ್ಕಿರತ್ತೆ, ಅದನ್ನ ತೆಗೀದೇ ಇನ್ನೊಂದು ಕೆರೆಗೆ ಇಳಿಸಿದ್ರೆ ಆ ಕೆರೆಗೂ ಅಂಟಿಸಿದ ಹಾಗೆ. ನೀರು ಬಿಡೋ ಬಿರಡೆ ತೆಗೆದಿಡಿ, ಮುಚ್ಚಳಗಳನ್ನ ಸಡಿಲ ಬಿಡಿ, ಒಳಗೆ ಗಾಳಿ ಆಡ್ಲಿ. ಆದ್ರೆ ಆ ತೂತುಗಳಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟತ್ತೆ, ಕೂರೋ ಜಾಗದಲ್ಲಿ ಹಲ್ಲಿ, ಜಿರಲೆ ಸೇರ್ಕೊಳ್ತವೆ, ಅದಕ್ಕೆ ಹಳೇ ಸೊಳ್ಳೆಪರದೆ ತುಂಡು ಕಟ್ಟಿ. ಮೇಲೆ ಹೊದಿಸೋಕೆ ಹಳೇ ಪಂಚೆ ಸಾಕು, ಟಾರ್ಪಾಲಿನ್ ಬಿಗಿಯಾಗಿ ಸುತ್ತಿದ್ರೆ ಪಸೆ ಒಳಗೇ ಉಳಿಯತ್ತೆ. ಪ್ಯಾಡಲ್ ಎರಡು ತುಂಡಿನದಾದ್ರೆ ಬಿಚ್ಚಿಡಿ, ಜೋಡಿಸಿಟ್ರೆ ಕೀಲು ಅಂಟ್ಕೊಳ್ಳತ್ತೆ. ಲೈಫ್ ಜಾಕೆಟ್ ನೆರಳಲ್ಲಿ ಹ್ಯಾಂಗರ್‌ಗೆ ಹಾಕಿ, ಅದರ ಮೇಲೆ ಏನೂ ಪೇರಿಸಬೇಡಿ, ಒಳಗಿನ ಫೋಮ್ ಅಪ್ಪಚ್ಚಿ ಆದ್ರೆ ನೀರಲ್ಲಿ ನಿಮ್ಮನ್ನ ಎತ್ತಿ ಹಿಡಿಯೋ ಶಕ್ತಿ ಹೋಗತ್ತೆ.

ನಮ್ಮ ಕಡೆ ಕಯಾಕ್ ತುಂಬ ದಿನ ಮನೇಲೇ ಇರೋದು ಮಳೆಗಾಲದಲ್ಲಿ. ಕೆಆರ್‌ಎಸ್ 124.80 ಅಡಿ ಹತ್ರ ಬಂದು ಗೇಟು ತೆಗೆದ್ರೆ ಕಾವೇರಿ ಕೆಂಪಗೆ ತುಂಬಿ ಹರಿಯತ್ತೆ, ರಂಗನತಿಟ್ಟಲ್ಲೂ ದೋಣಿ ನಿಲ್ಲಿಸ್ತಾರೆ, ಆಗ ನಾವೂ ನೀರಿಗಿಳೀಬಾರದು. ಆ ವಾರಗಳಲ್ಲಿ ಹದಿನೈದು ದಿನಕ್ಕೊಂದು ಸಲ ಕಯಾಕ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸಿಡಿ, ಭಾರ ಒಂದೇ ಕಡೆ ಕೂರಲ್ಲ.

ಅಮ್ಮ ಮೊದಲನೇ ದಿನಾನೇ ಹೇಳಿದ್ರು, "ನೋಡಪ್ಪಾ, ನಿನ್ನ ದೋಣಿ ಎಲ್ಲಾದ್ರೂ ಇಟ್ಕೋ, ನವರಾತ್ರೀಲಿ ನನ್ನ ಗೊಂಬೆ ಡಬ್ಬ ಇಳಿಸೋಕೆ ಅಡ್ಡ ಬರಬಾರದು" ಅಂತ. ಹಾಗಾಗಿ ಅಟ್ಟದ ಏಣಿ ಬರೋ ದಾರಿ ಬಿಟ್ಟೇ ಎಲ್ಲ ಅಳತೆ ತೆಗೆದಿದ್ದು. ಆಯುಧ ಪೂಜೆ ದಿನ ಕಾರು, ಸ್ಕೂಟರ್ ತೊಳೆಯೋವಾಗ ಎರಡೂ ಕಯಾಕ್ ಕೆಳಗಿಳಿಸ್ತೀವಿ, ತೋಳಿನ ಬೋಲ್ಟ್ ಸ್ಪ್ಯಾನರ್ ಹಾಕಿ ಬಿಗಿ ನೋಡ್ತೀನಿ, ಫೋಮ್ ಹರಿದಿದ್ರೆ ಬದಲಾಯಿಸ್ತೀನಿ. ಮಗಳು ಎರಡಕ್ಕೂ ಕುಂಕುಮ ಇಟ್ಟು ಹೂವು ಏರಿಸಿದ ಮೇಲೆ, ಸಾಯಂಕಾಲ ಅಪ್ಪ ಒಂದು ತುದಿ ನಾನೊಂದು ತುದಿ ಹಿಡಿದು ವಾಪಸ್ ಮೇಲಿಡ್ತೀವಿ.