ಮುಂಬೈ ಸೆಖೆಗೆ 240 ಸಾಕಾ, 360 ಬೇಕಾ? ರೇಡಿಯೇಟರ್ ಆರಿಸೋ ಲೆಕ್ಕ

ನಮ್ಮ ಡೊಂಬಿವಲಿ ಬಿಲ್ಡಿಂಗಿನ ಉಡುಪಿ ಕಡೆಯ ಹುಡುಗ ಒಬ್ಬ ಗೇಮಿಂಗ್ ಪಿಸಿ ಕಟ್ತಾ ಇದಾನೆ, ಸಿಪಿಯು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ವಾಟರ್ ಕೂಲಿಂಗ್. "ಮಾಮ, 360 ಒಂದು ಹಾಕಿದ್ರೆ ಸಾಕಲ್ವಾ?" ಅಂತ ಕೇಳ್ದ. ಬಿಸಿಯಾದ ನೀರು ಹರಿದು ಫ್ಯಾನ್ ಗಾಳಿಗೆ ತಣ್ಣಗಾಗೋ ಜಾಗ ರೇಡಿಯೇಟರ್, 120 ಎಂಎಂ ಫ್ಯಾನ್ ಎರಡು ಸಾಲಾಗಿ ಕೂರೋದು 240, ಮೂರು ಕೂರೋದು 360. ಆನ್‌ಲೈನಲ್ಲಿ ಸಾಕು ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ಆದ್ರೆ ಅವರಲ್ಲಿ ಎಷ್ಟೋ ಜನರ ರೂಮು 21-22 ಡಿಗ್ರಿ. ನೀರು ಎಷ್ಟು ಸುತ್ತಿದ್ರೂ ರೂಮಿನ ಗಾಳಿಗಿಂತ ತಣ್ಣಗಾಗಲ್ಲ, ಹಾಗಾಗಿ ಮುಂಬೈಯಲ್ಲಿ ಲೆಕ್ಕ ರೂಮಿಂದಲೇ ಶುರು ಆಗ್ಬೇಕು.

ಮೊದಲು ವಾಟ್ ಕೂಡಿಸಿ. ಪವರ್ ಸಪ್ಲೈ ಮೇಲೆ ಬರೆದಿರೋ 850 ನೋಡ್ಬೇಡಿ, ನೀರು ಮುಟ್ಟೋ ಭಾಗಗಳನ್ನ ಮಾತ್ರ ಹಿಡೀರಿ. ಈ ಹುಡುಗನ ಸಿಪಿಯು ರೈಜೆನ್ 7 7800ಎಕ್ಸ್3ಡಿ, ಕಂಪನಿ ಹೇಳೋ ಟಿಡಿಪಿ, ಅಂದ್ರೆ ಕೂಲರ್ ಹೊರಗೆ ಹಾಕ್ಬೇಕಾದ ಬಿಸಿ, 120 ವಾಟ್, ಗೇಮಲ್ಲಿ ಅಷ್ಟು ಎಳೆಯಲ್ಲ, ಇರ್ಲಿ ಪೂರ್ತಿ ಹಿಡಿಯೋಣ. ಆರ್‌ಟಿಎಕ್ಸ್ 4080 ಕಾರ್ಡ್ 320 ವಾಟ್. ಒಟ್ಟು 440. ಸಿಪಿಯುಗೆ ಮಾತ್ರ ಎಐಒ (ಪಂಪು, ಪೈಪ್, ರೇಡಿಯೇಟರ್ ಜೋಡಿಸಿಯೇ ಬರೋ ರೆಡಿ ಸೆಟ್) ಹಾಕೋರಿಗೆ ಸಿಪಿಯು ಲೆಕ್ಕ ಸಾಕು, ಈ ರೈಜೆನ್‌ಗೆ 240 ಧಾರಾಳ ಆಯ್ತು, ಆದ್ರೆ ಟರ್ಬೋದಲ್ಲಿ, ಅಂದ್ರೆ ಪೂರ್ತಿ ಜೋರಲ್ಲಿ, 253 ವಾಟ್ ತಗೊಳ್ಳೋ ಇಂಟೆಲ್ ಐ9 14900ಕೆ ಸಿಪಿಯು ಇದ್ರೆ 360ಕ್ಕಿಂತ ಕಮ್ಮಿ ಯೋಚನೆ ಮಾಡ್ಬೇಡಿ.

ಆಮೇಲೆ ರೂಮಿನ ಟೆಂಪರೇಚರ್. ಬೆಳಿಗ್ಗೆ ಅಲ್ಲ, ನೀವು ಆಡೋ ಹೊತ್ತಿಗೆ, ಬಾಗಿಲು ಹಾಕ್ಕೊಂಡು ಒಂದು ಗಂಟೆ ಆಡಿದ ಮೇಲೆ ನೋಡಿ, ಯಾಕಂದ್ರೆ ರೇಡಿಯೇಟರ್ ಬಿಸಿಯನ್ನ ಮಾಯ ಮಾಡಲ್ಲ, ಆ 440 ವಾಟೂ ಅದೇ ಸಣ್ಣ ರೂಮಿಗೆ ಬಂದು ಬೀಳತ್ತೆ. ಮೇ ತಿಂಗಳು, ಅಕ್ಟೋಬರ್ ಸೆಖೆ ಎರಡಕ್ಕೂ 33 ಡಿಗ್ರಿ ಹಿಡ್ಕೊಳ್ಳಿ.

ಈಗ ಗುಣಾಕಾರ. ಫ್ಯಾನ್ ಜೋರಾಗಿ ಕೂಗದೆ ತಿರುಗೋವಾಗ 120 ಎಂಎಂ ಫ್ಯಾನ್ ಕೂರೋ ಒಂದೊಂದು ಜಾಗ ಸುಮಾರು 100 ವಾಟ್ ಹೊರಗೆ ಹಾಕತ್ತೆ, ಆಗ ನೀರು ರೂಮಿಗಿಂತ 10 ಡಿಗ್ರಿ ಮೇಲಿರತ್ತೆ, ಇದು ಅಂದಾಜು ಅಷ್ಟೇ ಆದ್ರೂ ಕೆಲಸಕ್ಕೆ ಬರೋ ಅಂದಾಜು. 360 ಅಂದ್ರೆ ಮೂರು ಜಾಗ, 300 ವಾಟ್. 440 ಕೊಟ್ರೆ ವ್ಯತ್ಯಾಸ 15 ಡಿಗ್ರಿ ಹತ್ರ ಹೋಗತ್ತೆ, 33ರ ರೂಮಲ್ಲಿ ನೀರು 48. ಎಷ್ಟೋ ಪಂಪುಗಳ ಮಿತಿ 60 ಡಿಗ್ರಿ, ಅಂದ್ರೆ ತಕ್ಷಣ ಏನೂ ಕೆಡಲ್ಲ, ಆದ್ರೆ ಫ್ಯಾನ್ ಕಿರುಚತ್ತೆ, ಬಿಸಿಗೆ ಮೆತ್ತಗಾಗೋ ಪಿಇಟಿಜಿ ಪ್ಲಾಸ್ಟಿಕ್ ಪೈಪ್ ಹಾಕಿದೋರಿಗೆ ನೆಮ್ಮದಿ ಇರಲ್ಲ. 360 ಜೊತೆ 240 ಸೇರಿಸಿದ್ರೆ ಐದು ಜಾಗ, ನೀರು 42ರ ಹತ್ರ ನಿಲ್ಲತ್ತೆ. ಏಸಿ 26ಕ್ಕೆ ಇಟ್ಟೇ ಆಡೋದು ಅಂತಿದ್ರೆ ಒಂದೇ 360 ಸಾಕು, ನೀರು 41ರ ಆಸುಪಾಸು. ಪುಣೆಯಲ್ಲಿ ಚಳಿಗಾಲದ ರಾತ್ರಿ ಆಡೋ ಗೆಳೆಯನ ಪಾರ್ಟ್ ಲಿಸ್ಟನ್ನ ಹಾಗೇ ಕಾಪಿ ಮಾಡ್ಬೇಡಿ ಅನ್ನೋದು ಇದಕ್ಕೇ.

280ನ್ನ, ಅಂದ್ರೆ 140 ಎಂಎಂ ಫ್ಯಾನ್ ಎರಡು ಕೂರೋದನ್ನ, ಜನ ಸುಮ್ನೆ ಬಿಟ್ಬಿಡ್ತಾರೆ. 240ಕ್ಕಿಂತ ಅದರ ಮುಖ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೊಡ್ಡದು, 360ಕ್ಕಿಂತ ಹತ್ತನೇ ಒಂದು ಭಾಗದಷ್ಟೇ ಕಮ್ಮಿ, ಕೇಸ್ ಗಿಡ್ಡ ಇದ್ರೆ ನಾನು ಅದನ್ನೇ ಹೇಳೋದು. ದಪ್ಪಕ್ಕೆ ದುಡ್ಡು ಹಾಕೋ ಮೊದಲು ಅಗಲಕ್ಕೆ ಹಾಕಿ. ಫಿನ್‌ಗಳು, ಅಂದ್ರೆ ಗಾಳಿ ದಾಟೋ ತೆಳು ತಗಡುಗಳು, ತೀರಾ ಒತ್ತಾಗಿರೋದೂ ಬೇಡ, ಇಂಚಿಗೆ 10-12 ಇದ್ರೆ ನಿಧಾನಕ್ಕೆ ತಿರುಗೋ ಫ್ಯಾನಿಗೂ ಗಾಳಿ ದಾಟತ್ತೆ, ರೋಡ್ ಪಕ್ಕದ ಮನೆಯ ಧೂಳನ್ನ ಬ್ರಶ್ಶಲ್ಲಿ ತೆಗೆಯೋಕೂ ಆಗತ್ತೆ.

ಕೇಸ್ ಅಳೀರಿ. 360 ರೇಡಿಯೇಟರ್ ಉದ್ದ 360 ಅಲ್ಲ, ಎರಡೂ ತುದಿಯ ಟ್ಯಾಂಕ್ ಸೇರಿ 390-400 ಎಂಎಂ ಬರತ್ತೆ. ಮೇಲೆ ಕೂರಿಸೋದಾದ್ರೆ ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಎಂಎಂ ಕೆಳಗಿಳಿಯತ್ತೆ, ಅಲ್ಲಿ ರ್‍ಯಾಮ್ ತಲೆ ತಾಗತ್ತಾ ನೋಡಿ. ಮುಂದೆ ಕೂರಿಸಿದ್ರೆ ಗ್ರಾಫಿಕ್ಸ್ ಕಾರ್ಡಿನ ಉದ್ದಕ್ಕೆ ಇದ್ದ ಜಾಗದಿಂದ ಅದೇ 52 ಕಳೀಬೇಕು. ಎಐಒ ಆದ್ರೆ ಪಂಪು ಎಲ್ಲಕ್ಕಿಂತ ಎತ್ತರದಲ್ಲಿ ಬರಬಾರದು, ಗಾಳಿ ಗುಳ್ಳೆ ಬಂದು ಸೇರೋದು ಮೇಲಕ್ಕೇ.

ಲೋಹವನ್ನೂ ಕೇಳಿ. ಸಿಪಿಯು ಬ್ಲಾಕ್ (ಸಿಪಿಯು ಮೇಲೆ ಕೂತು ಅದರ ಬಿಸಿಯನ್ನ ನೀರಿಗೆ ಕೊಡೋ ಲೋಹ) ತಾಮ್ರದ್ದಿದ್ರೆ ಕಸ್ಟಮ್ ಲೂಪಿಗೆ, ಅಂದ್ರೆ ಬಿಡಿ ಭಾಗ ತಂದು ನೀವೇ ಕಟ್ಟೋದಕ್ಕೆ, ತಾಮ್ರದ ರೇಡಿಯೇಟರ್ರೇ ತಗೊಳ್ಳಿ, ಅಲ್ಯೂಮಿನಿಯಂ ಜೊತೆ ಸೇರಿದ್ರೆ ಒಳಗಿಂದಲೇ ತುಕ್ಕು ತಿನ್ನತ್ತೆ. ಮಳೆಗಾಲದಲ್ಲಿ ಪೈಪ್ ಮೇಲೆ ನೀರು ಕೂರತ್ತಾ ಅಂತ ಹೆದರೋರಿದಾರೆ, ಕೂರಲ್ಲ, ನೀರು ರೂಮಿಗಿಂತ ಬೆಚ್ಚಗೇ ಇರತ್ತಲ್ಲ.

ಮುಂಬೈಯ ಕಂಪ್ಯೂಟರ್ ಪಾರ್ಟ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿಗೆ ಹೋಗೋರು ಟೇಪ್ ಜೇಬಲ್ಲಿಟ್ಕೊಂಡು ಹೋಗಿ, ಡಬ್ಬ ತೆಗೆಸಿ ಅಳೀರಿ, ಸ್ಕ್ರೂ ಪ್ಯಾಕೆಟ್ಟನ್ನೂ ಬಿಚ್ಚಿಸಿ. 25 ಎಂಎಂ ಫ್ಯಾನಿಗೆ ಸಾಮಾನ್ಯವಾಗಿ 30 ಎಂಎಂ ಸ್ಕ್ರೂ, 35ರದ್ದು ಹಾಕಿ ಬಿಗಿ ಮಾಡಿದ್ರೆ ತೂತಿನ ಹಿಂದೇನೇ ಇರೋ ನೀರಿನ ಕೊಳವೆಗೆ ಚುಚ್ಕೊಳ್ಳತ್ತೆ, ಅಲ್ಲಿಗೆ ರೇಡಿಯೇಟರ್ ಕೆಲಸ ಮುಗೀತು. ಕೆಲವು ಮಾಡೆಲ್‌ನಲ್ಲಿ ತೂತಿನ ಹಿಂದೆ ಸಣ್ಣ ತಗಡು ಅಡ್ಡ ಕೊಟ್ಟಿರ್ತಾರೆ. ಟಾರ್ಚ್ ಬಿಟ್ಟು ನೋಡಿದ್ರೆ ಕಾಣತ್ತೆ, ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಅಂಥದ್ದನ್ನೇ ಆರಿಸಿ.