ಮೋಲ್‌ ಭಾಗಿಸು, ಆಮೇಲೆ ಹೋಲಿಸು: ಲಿಮಿಟಿಂಗ್ ರಿಯೇಜೆಂಟ್ ಪಾಠದ ಅನುಭವ

ರಾಸಾಯನಿಕ ಕ್ರಿಯೆಯಲ್ಲಿ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತುವೇ ಲಿಮಿಟಿಂಗ್ ರಿಯೇಜೆಂಟ್. ಅದನ್ನು ಹುಡುಕುವ ಲೆಕ್ಕದಲ್ಲಿ ಫಸ್ಟ್ ಪಿಯು ಮಕ್ಕಳು ಮೊದಲು ಗ್ರಾಂ ಕಡಿಮೆ ಇರುವುದನ್ನು ಆರಿಸುತ್ತಾರೆ. ತಿದ್ದಿದರೆ ಮೋಲ್ (ಕಣಗಳ ಎಣಿಕೆಯ ಅಳತೆ) ಕಡಿಮೆ ಇರುವುದನ್ನು ಆರಿಸುತ್ತಾರೆ. ಎರಡು ಸಲ ಉತ್ಪನ್ನ ಲೆಕ್ಕ ಹಾಕಿಸುವ ಹಳೇ ದಾರಿ ಬಿಟ್ಟು, ಮೋಲನ್ನು ಸಮೀಕರಣದಲ್ಲಿ ಆ ವಸ್ತುವಿನ ಮುಂದಿರುವ ಅಂಕಿಯಿಂದ, ಅಂದರೆ ಗುಣಾಂಕದಿಂದ ಭಾಗಿಸಿ ಚಿಕ್ಕದನ್ನು ಹಿಡಿಯಲು ಕಲಿಸಿದೆ. ಬರೀ ಬಾಯಿಪಾಠ ಆಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಆಕ್ಷೇಪ ಬಂತು. ಈಗ ಮುಕ್ಕಾಲು ಕ್ಲಾಸು ಸರಿ ಮಾಡುತ್ತದೆ.

ಗುಟ್ಟು ಅಂಕಿ ಆರಿಸುವುದರಲ್ಲಿದೆ. ಅಮೋನಿಯಾ ಲೆಕ್ಕಕ್ಕೆ 28 ಗ್ರಾಂ ನೈಟ್ರೋಜನ್, 5 ಗ್ರಾಂ ಹೈಡ್ರೋಜನ್ ಕೊಟ್ಟರೆ 1 ಮೋಲ್, 2.5 ಮೋಲ್, ಗುಣಾಂಕ 1 ಮತ್ತು 3ರಿಂದ ಭಾಗಿಸಿದ ಮೇಲೆ 1 ಮತ್ತು 0.83. ಹೈಡ್ರೋಜನ್ನೇ ಲಿಮಿಟಿಂಗ್. ಮೋಲ್ ನೋಡಿದವರು ಸಿಕ್ಕಿಬೀಳುತ್ತಾರೆ, ಗ್ರಾಂ ನೋಡಿದವರು ಪಾರಾಗುತ್ತಾರೆ. ಹೈಡ್ರೋಜನ್ 7 ಗ್ರಾಂ ಮಾಡಿ, ಉಲ್ಟಾ ಆಗುತ್ತದೆ. ಎರಡು ತಪ್ಪನ್ನೂ ಒಟ್ಟಿಗೆ ಹಿಡಿಯುವ ಲೆಕ್ಕ ಅಮೋನಿಯಾದಲ್ಲಿ ಸಿಗದು, ಬೇರೆ ಸಮೀಕರಣ ಬೇಕು, ಅದು ಟೆಸ್ಟ್ ಪೇಪರಿಗೇ ಇರಲಿ.

ಕಣ್ಣಿಗೆ ಕಾಣಿಸಲು ಬಲೂನು: ಸೋಡ ವಿನೆಗರಿಗೆ ಬಿದ್ದಾಗ ಏಳುವ ಗ್ಯಾಸ್ ಅದನ್ನು ಊದಿಸುತ್ತದೆ. ನಾಲ್ಕು ಬಾಟಲಿ, ತಲಾ 50 ಮಿಲಿ ಶೇಕಡಾ 4ರ ವಿನೆಗರ್. ಬಲೂನುಗಳಲ್ಲಿ ಅಡುಗೆ ಸೋಡ 1, 2, 3, 4 ಗ್ರಾಂ. ಅಷ್ಟು ವಿನೆಗರಿಗೆ ಸುಮಾರು 2.8 ಗ್ರಾಂ ಸೋಡ ಸಾಕು, ಹಾಗಾಗಿ ಕೊನೆಯ ಎರಡು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ನಿಲ್ಲಬೇಕು. ಮೊದಲೆರಡು ಸಲ ನಿಲ್ಲಲಿಲ್ಲ. ಒಮ್ಮೆ ಬೇಕಿಂಗ್ ಪೌಡರ್ ತಂದಿದ್ದೆ. ಅದರಲ್ಲಿ ಆಮ್ಲ, ಹಿಟ್ಟು ಎಲ್ಲ ಬೆರೆತಿರುತ್ತದೆ. ಇನ್ನೊಮ್ಮೆ ಬಾಟಲಿಯ ಒದ್ದೆ ಬಾಯಿಗೆ ಸೋಡ ಮೆತ್ತಿಕೊಂಡಿತು. ನೂರೈವತ್ತು ರೂಪಾಯಿಯಷ್ಟು ದಂಡ. ಬಾಯಿ ಒರೆಸಿ, ಬಲೂನನ್ನು ಮೊದಲೇ ಒಂದೆರಡು ಸಲ ಊದಿ ಸಡಿಲ ಮಾಡಿಕೊಂಡರೆ ಸರಿ. ನಾಲ್ಕನೇ ಬಾಟಲಿಯಲ್ಲಿ ಉಳಿದ ಸೋಡ ಕರಗಿರುವುದರಿಂದ ಕಾಣುವುದಿಲ್ಲ. ಬಲೂನು ತೆಗೆದು ಒಂದು ಚಮಚ ವಿನೆಗರ್ ಬಿಡಿ, ಮತ್ತೆ ನೊರೆ ಏಳುತ್ತದೆ.

ಚಿಕ್ಕಮಗಳೂರಿನ ತೋಟದ ಮನೆ ಮಕ್ಕಳಿಗೆ ಇದಕ್ಕಿಂತ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹತ್ತಿರ. ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ತುತ್ತ 4 ಮೋಲ್, ಸುಟ್ಟ ಸುಣ್ಣವಾದರೆ 18ರ ಹತ್ತಿರ. ಹೊಸ ಸುಣ್ಣವಿದ್ದರೆ ತುತ್ತವೇ ಮೊದಲು ಮುಗಿಯುತ್ತದೆ. ಗಾಳಿಗೆ ಬಿದ್ದು ಕಾರ್ಬೊನೇಟ್ ಆದ ಹಳೇ ಸುಣ್ಣ ಹಾಕಿದರೆ ತಾಮ್ರ ಉಳಿದುಬಿಡುತ್ತದೆ, ಎಲೆ ಸುಡುತ್ತದೆ. ಅದಕ್ಕೇ ತೋಟದಲ್ಲಿ ಕತ್ತಿ ಅದ್ದಿ ನೋಡುವುದು: ಅಲಗಿಗೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕ್ಲಾಸಿನಲ್ಲಿ ಪ್ಲಾಸ್ಟಿಕ್ ಮಗ್ಗಿನಲ್ಲಿ 1 ಗ್ರಾಂ ತುತ್ತಕ್ಕೆ 100 ಮಿಲಿ ನೀರಿನಂತೆ ಮಾಡಿದರಾಯಿತು. ಸ್ಟೇನ್‌ಲೆಸ್ ಚಾಕು ಬೇಡ, ಅದರ ಮೇಲೆ ಬಣ್ಣ ಸರಿಯಾಗಿ ಕಟ್ಟುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಸಾಕು.